ಮೂರು ಕೋಟು, ಒಂದು ಎಡೆ

ಮದುವೆಯಾಗಿ ಯಶವಂತಪುರಕ್ಕೆ ಬಂದಾಗ ನನ್ನ ಜೊತೆ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಮತ್ತು ನನ್ನ ನಾಲಿಗೆ ಬಂದವು. ಟ್ರಂಕಿಗೂ ಯಂತ್ರಕ್ಕೂ ಅತ್ತೆ ಜಾಗ ಕೊಟ್ಟರು. ನಾಲಿಗೆಗೆ ಕೊನೆಯವರೆಗೂ ಕೊಡಲಿಲ್ಲ. ಹೆಣ್ಣು ನೋಡಲು ಅಮೃತಹಳ್ಳಿಗೆ ಬಂದ ದಿನವೇ ಅವರು ನನ್ನ ಅಮ್ಮನಿಗೆ, ಹುಡುಗಿ ಬಣ್ಣ ಒಂದು ಚೂರು ಕಮ್ಮಿ, ಆದರೂ ಲಕ್ಷಣವಾಗಿದ್ದಾಳೆ ಎಂದು ನನ್ನ ಎದುರೇ ಹೇಳಿದ್ದರು. ಎಮ್ಮೆ ಕೊಳ್ಳುವವರು ಕೂಡ ಎಮ್ಮೆಯನ್ನು ಸ್ವಲ್ಪ ದೂರ ಕಟ್ಟಿ ಮಾತಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬಿಳಿ ತೊಗಲಿಗೆ ಬಾಯಿ ಬಿಟ್ಟವರ ಮಾತು ಬರುತ್ತದೆ. ಆ ಬಾಯಿ ಬೇಲಿಯ ಆಚೆ ಮಾತ್ರ ಇತ್ತು ಎಂದು ಯಾರೂ ತಿಳಿಯಬಾರದು.

ಬೇಲಿ ಎಂದರೆ ನಮ್ಮ ಹಿತ್ತಿಲ ಕಳ್ಳಿ ಬೇಲಿ. ಅದರಾಚೆ ರೈಲ್ವೆ ಕ್ವಾರ್ಟರ್ಸು. ಅಲ್ಲಿದ್ದ ಎಂಜಿನ್ ಡ್ರೈವರುಗಳು, ಗಾರ್ಡುಗಳಲ್ಲಿ ಬಹಳ ಮಂದಿ ಆಂಗ್ಲೋ ಇಂಡಿಯನ್ನರು. ನಮ್ಮವರು ಅವರನ್ನು ಬೆನ್ನ ಹಿಂದೆ ಅರ್ಧ ದೊರೆಗಳು ಎನ್ನುತ್ತಿದ್ದರು, ಎದುರಿಗೆ ಸಿಕ್ಕರೆ ಪೂರ್ತಿ ದೊರೆ ಮಾಡಿ ಕೈ ಮುಗಿಯುತ್ತಿದ್ದರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಕಳೆದಿತ್ತು. ಪೂರ್ತಿ ದೊರೆಗಳು ಹೊರಟುಹೋಗಿದ್ದರು, ಅರ್ಧ ದೊರೆಗಳು ಗಂಟು ಕಟ್ಟುತ್ತಿದ್ದರು. ಇಂಗ್ಲೆಂಡನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಅದಕ್ಕೆ ಅವರು ಇಟ್ಟಿದ್ದ ಹೆಸರು 'ಹೋಮ್'. ಹೆಬ್ಬಾಳ ದಾಟಿ ಆಚೆ ಹೋದರೆ ಮೂಗಿಗೆ ಕರ್ಚೀಫು ಹಿಡಿಯುವವರು ಸಮುದ್ರ ದಾಟಿದರೆ ಊರು ಬಂತು ಎನ್ನುವ ಹಾಗೆ ಮಾತಾಡುತ್ತಿದ್ದರು.

ಅವರ ಮನೆಯ ಗೌನುಗಳನ್ನು ನಾನು ಹೊಲಿಯುತ್ತಿದ್ದೆ. ಪಾದ್ರಿಗಳ ಶಾಲೆಯಲ್ಲಿ ಓದಿದ್ದರಿಂದ ನನಗೆ ಇಂಗ್ಲಿಷು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಆಡದವಳಿಗೆ ಅರ್ಥವೂ ಆಗುವುದಿಲ್ಲ ಎಂದುಕೊಂಡು ಅವರು ನನ್ನ ಎದುರು ಏನು ಬೇಕಾದರೂ ಹೇಳಿಕೊಳ್ಳುತ್ತಿದ್ದರು. ಅತ್ತೆಗೆ ನಾನು ಆ ಮನೆಗಳಿಗೆ ಹೋಗುವುದು ಸೇರುತ್ತಿರಲಿಲ್ಲ. ದನ ತಿನ್ನುವವರ ಬಟ್ಟೆ ಮುಟ್ಟಿದವಳು ಎಂದು ನನ್ನನ್ನು ಹಿತ್ತಿಲಲ್ಲೇ ಕೈಕಾಲು ತೊಳೆಸಿ ಒಳಗೆ ಬಿಡುತ್ತಿದ್ದರು.

ಬೇಲಿಗೆ ಅಂಟಿಕೊಂಡಂತೆ ಇದ್ದ ಕ್ವಾರ್ಟರ್ಸಿನಲ್ಲಿ ಒಬ್ಬ ಡ್ರೈವರು, ಅವನ ಹೆಂಡತಿ, ಅವರಿಗೆ ಒಬ್ಬಳೇ ಮಗಳು. ಹೆಂಡತಿಯನ್ನು ನಾವು ದೊರೆಸಾನಿ ಎನ್ನುತ್ತಿದ್ದೆವು. ಹಾಲಿನಂಥ ಬಣ್ಣ, ಬೆಕ್ಕಿನ ಕಣ್ಣು. ಅವಳಿಗೆ ತನ್ನ ವಂಶಾವಳಿ ನಾಲಿಗೆಯ ತುದಿಯಲ್ಲಿ ಇತ್ತು. ತಾತನ ತಾತ ಇಂಗ್ಲೆಂಡಿನಿಂದ ಬಂದ ಸಿಪಾಯಿ. ಗಂಡನ ಅಪ್ಪನಂತೂ ಅಲ್ಲೇ ಹುಟ್ಟಿ ಇಲ್ಲಿಗೆ ರೈಲು ದಾರಿ ಹಾಕಿಸಲು ಬಂದವನು. ಅವನ ಊರು ಸಮುದ್ರದ ಪಕ್ಕ, ಅಲ್ಲಿನ ಚರ್ಚಿನ ಹಿಂದೆ ಅವನ ಹಿರಿಯರ ಗೋರಿಗಳು ಸಾಲಾಗಿ ಇವೆ. ಇದನ್ನು ಅವಳು ಎದೆಯ ಅಳತೆ ಕೊಡುತ್ತಾ ಹೇಳುವಳು, ತೋಳಿನ ಅಳತೆ ಕೊಡುತ್ತಾ ಮತ್ತೆ ಹೇಳುವಳು. ಗಂಡನ ತಾಯಿಯ ಊರು ಯಾವುದು ಎಂದು ಮಾತ್ರ ಹೇಳುತ್ತಿರಲಿಲ್ಲ. ಆಕೆ ಸತ್ತು ಬಹಳ ವರ್ಷವಾಯಿತು ಎಂದು ಮಾತು ಮುಗಿಸುತ್ತಿದ್ದಳು.

ಮಗಳಿಗೆ ಹದಿನೆಂಟು. ಅವಳ ಬಣ್ಣ ನನ್ನ ಬಣ್ಣಕ್ಕಿಂತ ಒಂದು ಕೈ ಕಮ್ಮಿ. ತಾಯಿ ಅವಳನ್ನು ಬಿಸಿಲಿಗೆ ಬಿಡುತ್ತಿರಲಿಲ್ಲ, ಕುತ್ತಿಗೆಯ ತನಕ ಪೌಡರು ಬಳಿಯುತ್ತಿದ್ದಳು. ಗಂಟಲಿನ ಹತ್ತಿರ ಪೌಡರು ನಿಂತು ಹುಡುಗಿ ಶುರುವಾಗುವ ಗೆರೆ ಕಾಣುತ್ತಿತ್ತು. ಕೇಳಿದವರಿಗೆ, ಕೇಳದವರಿಗೂ, ನಮ್ಮ ವಂಶದಲ್ಲಿ ಎಲ್ಲೋ ಸ್ಪೇನಿನ ರಕ್ತ ಸೇರಿದೆ ಎನ್ನುತ್ತಿದ್ದಳು. ಸ್ಪೇನು ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಆ ಹುಡುಗಿಯ ಮೂಗು, ಹಣೆ, ಬಣ್ಣ ಎಲ್ಲಿಂದ ಬಂದವು ಎಂಬುದು ಮಾತ್ರ ಗೊತ್ತಿತ್ತು. ಅವು ಬಂದ ಜಾಗ ಅವರ ಹಿತ್ತಿಲ ನಲ್ಲಿಯ ಹತ್ತಿರ ಕೂತು ಪಾತ್ರೆ ಉಜ್ಜುತ್ತಿತ್ತು.

ಆ ಅಜ್ಜಿಯನ್ನು ಅವರು ಆಯಾ ಎನ್ನುತ್ತಿದ್ದರು. ಎಪ್ಪತ್ತರ ಆಸುಪಾಸು, ಕಡ್ಡಿಯಂಥ ಮೈ, ಕಾಲಿಗೆ ಸವೆದ ಬೆಳ್ಳಿ ಉಂಗುರ. ಮಲಗುತ್ತಿದ್ದದ್ದು ಕಲ್ಲಿದ್ದಲು ಹಾಕುವ ಕೋಣೆಯಲ್ಲಿ. ಬೇಲಿಯ ಸಂದಿನಲ್ಲಿ ಒಂದು ದಿನ ನಾನು ಡ್ರೈವರನನ್ನು ಕಂಡೆ. ಡ್ಯೂಟಿ ಮುಗಿಸಿ ಬಂದವನು ಮುಂದಿನ ಬಾಗಿಲಿಗೆ ಹೋಗದೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ತಗ್ಗಿದ ದನಿಯಲ್ಲಿ, "ಅವ್ವ, ಒಂಚೂರು ಸಾರಿದ್ರೆ ಆಕು" ಎನ್ನುತ್ತಿದ್ದ. ಅವನ ಬಾಯಲ್ಲಿ ಅಚ್ಚ ನಮ್ಮ ಕಡೆಯ ಮಾತು. ಆ ಕೆಂಪು ಮುಖ, ಆ ಟೋಪಿ, ಕೈಯಲ್ಲಿ ರಾಗಿ ಮುದ್ದೆ. ಹೆಂಡತಿ ಒಳಗಿಂದ ಕೂಗಿದಾಗ ಬಾಯಿ ಒರೆಸಿಕೊಂಡು ಇಂಗ್ಲಿಷಿನಲ್ಲಿ ಓಗೊಟ್ಟು ಎದ್ದುಹೋದ.

ಉಳಿದದ್ದನ್ನು ಅಜ್ಜಿಯೇ ಹೇಳಿದಳು. ಅವಳ ಊರು ಹುಣಸಮಾರನಹಳ್ಳಿಯಿಂದ ಒಳಗೆ ನಡೆದು ಹೋಗಬೇಕಾದ ಒಂದು ಸಣ್ಣ ಹಳ್ಳಿ, ಒಕ್ಕಲು ಮನೆತನ. ಒಂದು ಬರದ ವರ್ಷ ಯಲಹಂಕದ ಹತ್ತಿರ ರೈಲು ದಾರಿಗೆ ಮಣ್ಣು ಹೊರಲು ಹೋಗಿದ್ದಳು. ಕೆಲಸ ಮಾಡಿಸುತ್ತಿದ್ದ ಇಂಗ್ಲಿಷಿನವನ ಕಣ್ಣು ಬಿತ್ತು. ಅವನ ಬಂಗಲೆಗೆ ಹೋದವಳು ಮನೆಗೆ ಮರಳಲಿಲ್ಲ. ಎಳೆದುಕೊಂಡು ಹೋದನೋ ಇವಳೇ ಹೋದಳೋ ಎಂದು ನಾನು ಕೇಳಿದ್ದಕ್ಕೆ, ಹೊಟ್ಟೆ ಹಸಿದಿತ್ತು ಎಂದಳು. ಮಗ ಹುಟ್ಟಿದ. ಮಗು ಬೆಳ್ಳಗಿತ್ತು. ಅದು ಬೆಳ್ಳಗಿದ್ದುದರಿಂದ ಆ ಮನುಷ್ಯ ಅದಕ್ಕೆ ತನ್ನ ಹೆಸರು ಕೊಟ್ಟ, ಬೋರ್ಡಿಂಗ್ ಶಾಲೆಗೆ ಹಾಕಿದ. ಆಮೇಲೆ ರಜೆ ಎಂದು ಇಂಗ್ಲೆಂಡಿಗೆ ಹೋದವನು ರಜೆಯಲ್ಲೇ ಉಳಿದುಹೋದ. ಇತ್ತ ಊರಿನಲ್ಲಿ ಇವಳು ಮನೆ ಬಿಟ್ಟ ಹನ್ನೊಂದನೆಯ ದಿನವೇ ಅಪ್ಪ ತಲೆ ಬೋಳಿಸಿಕೊಂಡು ತಿಥಿ ಮಾಡಿ, ಊರಿಗೆ ಊಟ ಹಾಕಿಸಿ, ಮಗಳು ಸತ್ತಳು ಎಂದು ಮುಗಿಸಿದ್ದ.

ಮಗ ನೌಕರಿ ಹಿಡಿದು ಬೆಳ್ಳನೆಯ ಹುಡುಗಿಯನ್ನು ಮದುವೆಯಾದ ಮೇಲೆ ಅಜ್ಜಿ ಆಯಾ ಆದಳು. ಅವಳಿಗೆ ಇದರಲ್ಲಿ ಬೇಸರ ಇರಲಿಲ್ಲ. ಒಂದೇ ಸೂರಿನ ಕೆಳಗೆ ಮಗನಿದ್ದಾನೆ, ಅವನಿಗೆ ಮುದ್ದೆ ಮಾಡಿ ಹಾಕುತ್ತೇನೆ, ಇನ್ನೇನು ಎನ್ನುತ್ತಿದ್ದಳು. ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಕ್ವಾರ್ಟರ್ಸಿನಲ್ಲಿ ಒಂದು ಸುದ್ದಿ ಓಡಾಡಿತು. ಇಂಗ್ಲೆಂಡಿನವರು ಬರುವವರಿಗೆಲ್ಲ ಇನ್ನು ಬಾಗಿಲು ಹಾಕುತ್ತಾರಂತೆ, ಹೋಗುವವರು ಈಗಲೇ ಹೋಗಬೇಕು. ಡ್ರೈವರನ ಮನೆಯಲ್ಲಿಯೂ ಹೊರಡುವುದು ನಿಶ್ಚಯವಾಯಿತು. ಅಪ್ಪ ಇಂಗ್ಲಿಷಿನವನು ಎಂದು ತೋರಿಸಿದರೆ ಸಾಕಿತ್ತು ಎಂದು ದೊರೆಸಾನಿ ಹೇಳುತ್ತಿದ್ದಳು. ತಾಯಿಯ ಸಮಾಚಾರ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲವಂತೆ.

ದಂಡಿನ ಪೇಟೆಯ ಹರಾಜಿನಲ್ಲಿ ಹಳೆಯ ಉಣ್ಣೆ ಕೋಟುಗಳು ಸಿಗುತ್ತಿದ್ದವು, ಹೊರಟುಹೋದ ಪೂರ್ತಿ ದೊರೆಗಳು ಬಿಟ್ಟವು. ದೊರೆಸಾನಿ ಮೂರು ತಂದಳು. ಎಲ್ಲವೂ ಭಾರಿ ಆಳಿನವು. ಅವನ್ನು ಬಿಚ್ಚಿ, ಹೆಗಲು ಇಳಿಸಿ, ಪಕ್ಕ ಒಳಗೆ ತೆಗೆದುಕೊಂಡು ಇವರ ಮೈಗೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಷಾಢದ ಗಾಳಿಯಲ್ಲಿ ಅವರ ಹಿಂದಿನ ವರಾಂಡದಲ್ಲಿ ಕೂತು ನಾನು ಹೊಲಿಗೆ ಬಿಚ್ಚುತ್ತಿದ್ದರೆ ಅಜ್ಜಿ ಪಕ್ಕದಲ್ಲಿ ಕೂತು ತುಂಡು ದಾರಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಮಗನ ಕೋಟು ಮುಗಿಯಿತು, ಸೊಸೆಯದು ಮುಗಿಯಿತು. ಮೂರನೆಯದನ್ನು ಬಿಚ್ಚಲು ತೆಗೆದಾಗ ಅಜ್ಜಿ ಎದ್ದು ನಿಂತು ತೋಳು ಅಗಲಿಸಿದಳು. ಅಳತೆ ತಗೋ ಎಂದಳು. ನಾನು ಟೇಪನ್ನು ಬೆರಳಿಗೆ ಸುತ್ತಿಕೊಂಡೆ. ಅಷ್ಟರಲ್ಲಿ ದೊರೆಸಾನಿ ಮಗಳನ್ನು ಕರೆದುಕೊಂಡು ಬಂದು, ಇವಳಿಗೆ ಕಾಲರ್ ಸ್ವಲ್ಪ ಎತ್ತರ ಇರಲಿ, ಕುತ್ತಿಗೆ ಮುಚ್ಚಬೇಕು ಎಂದಳು. ಅಜ್ಜಿಯ ತೋಳು ಇನ್ನೂ ಅಗಲಿಸಿಯೇ ಇತ್ತು. ಹುಡುಗಿ ಅದನ್ನು ನೋಡಿ, ಬಟ್ಟೆ ಒಣಹಾಕುವ ಗಳ ಎಂದು ತಾಯಿಗೆ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ಸಂಜೆ ಡ್ರೈವರು ನಲ್ಲಿಯ ಹತ್ತಿರ ಬಂದು ಕೂತ. ಬೇಲಿಯ ಈಚೆ ನಾನು ಬಟ್ಟೆ ತೆಗೆಯುತ್ತಿದ್ದೆ.

"ಅಲ್ಲಿ ಚಳಿ ಜಾಸ್ತಿ ಅವ್ವ" ಎಂದ. "ನೀನು ತಡೆಯಲ್ಲ."

ಅಜ್ಜಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪನೂ ಇಂಗೇ ಯೋಳ್ದ" ಎಂದಳು.

ಅವನು, ಅವಳು ಮಾಡಿಟ್ಟಿದ್ದ ಮುದ್ದೆಯನ್ನು ಪೂರ್ತಿ ತಿಂದು ಎದ್ದ. ಹೊಟ್ಟೆಗೆ ಅವ್ವ ಬೇಕು, ಹಡಗಿಗೆ ಬೇಡ. ನನಗೆ ಅವನ ಮೇಲೆ ಹುಟ್ಟಿದಷ್ಟು ಅಸಹ್ಯ ಅವನ ಹೆಂಡತಿಯ ಮೇಲೂ ಹುಟ್ಟಲಿಲ್ಲ.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಮಾರನೆಯ ದಿನ ಬೇಲಿಯ ಸಂದಿನಲ್ಲಿ ಒಂದು ಗಂಟು ತೂರಿಸಿದಳು. ಒಳಗೆ ಕೆಂಪು ಅಂಚಿನ ಕೈಮಗ್ಗದ ಸೀರೆ. ಆ ಬರದ ವರ್ಷ, ಮನೆಯಲ್ಲಿ ಕಾಳಿಲ್ಲದಿದ್ದರೂ, ಯುಗಾದಿಗೆಂದು ಅವಳ ಅವ್ವ ಹೇಗೋ ತಂದುಕೊಟ್ಟದ್ದು. ಅದನ್ನೇ ಉಟ್ಟು ಅವಳು ಮನೆ ಬಿಟ್ಟದ್ದು. ಆಮೇಲೆ ಉಟ್ಟಿರಲಿಲ್ಲ, ಮಡಿಕೆಯಲ್ಲಿ ಬೇವಿನ ಎಲೆ ಇಟ್ಟು ಕಾದಿದ್ದಳು. ತವರು ಎಂದು ಅವಳಲ್ಲಿ ಉಳಿದಿದ್ದದ್ದು ಅದೊಂದೇ.

"ಇದ್ರಾಗೆ ನಂಗೊಂದು ಗೌನು ವೊಲ್ದ್ಕೊಡು ತಾಯಿ" ಎಂದಳು. "ಸೀರೆ ಉಟ್ಟೋಳ್ನ ಎಂಗ್ ಕರ್ಕೊಂಡ್ ಓಗಾದು ಅಂತೈತೆ ನನ್ ಸೊಸೆ. ಗೌನ್ ಆಕ್ಕೊಂಡ್ರೆ ನಾನೂ ಅವ್ರಂಗೆ ಕಾಣಲ್ವಾ."

ಕತ್ತರಿ ಹಾಕಿಸಬೇಡ ಅಜ್ಜಿ ಎಂದೆ. ಹಾಕು ಎಂದಳು. ಇನ್ನೊಂದು ಸಲ ಹೇಳಿದೆ. ಹಾಕು, ನಿನಗೇನು ಎಂದು ರೇಗಿದಳು. ಹಾಕಿದೆ. ಹಳೆಯ ನೂಲು, ಕತ್ತರಿ ಇಟ್ಟರೆ ಸಾಕು ತಾನಾಗಿ ಬಿಡುತ್ತಿತ್ತು. ಕೆಂಪು ಅಂಚು ಮಂಡಿಯ ಕೆಳಗೆ ಸುತ್ತ ಬರುವಂತೆ ಕೂರಿಸಿ ಕೊಟ್ಟೆ. ಇಟ್ಟುಕೊಳ್ಳುತ್ತಾಳೆ, ಆಸೆ ತೀರಲಿ ಎಂದುಕೊಂಡಿದ್ದೆ. ಅದನ್ನು ಎಲ್ಲಿ ಹಾಕಿಕೊಳ್ಳುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ.

ಹೊರಡುವ ಮುಂಚೆ ದೊರೆಸಾನಿ ಚರ್ಚಿನ ಕಡೆಯ ಒಬ್ಬ ಇಂಗ್ಲಿಷ್ ಹೆಂಗಸನ್ನು ಟೀಗೆ ಕರೆದಳು. ಈಕೆ ಪೂರ್ತಿ ಬಿಳಿ, ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವಳು. ಹಡಗು ಇಳಿದ ಮೇಲೆ ಲಂಡನ್ನಿನಲ್ಲಿ ಯಾರ ಮನೆಯಲ್ಲಿ ತಂಗುವುದು ಎಂಬುದಕ್ಕೆ ಅವಳ ಒಂದು ಮಾತು ಬೇಕಿತ್ತು. ನಾನು ಮುಗಿದ ಕೋಟುಗಳನ್ನು ಕೊಡಲು ಹೋಗಿ ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ದೊರೆಸಾನಿ ಸಮುದ್ರದ ಪಕ್ಕದ ಊರು, ಚರ್ಚು, ಗೋರಿಗಳು ಎಲ್ಲವನ್ನೂ ಹರಡಿದಳು. ಹೋಮಿಗೆ ಹೋಗುತ್ತಿದ್ದೇವೆ ಎಂದಳು. ಬಿಳಿಯ ಹೆಂಗಸು ಸಮಾಧಾನವಾಗಿ ಕೇಳಿ, ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ, ಎಲ್ಲಿ ಕಲಿತಿರಿ ಎಂದು ಕೇಳಿದಳು.

ತೊಟ್ಟಿಲಲ್ಲೇ ಇಂಗ್ಲಿಷು ಕೇಳಿ ಬೆಳೆದ ದೊರೆಸಾನಿಯ ಮುಖ ನೋಡಬೇಕಿತ್ತು. ನಾನು ನೋಡಿದೆ. ನನಗೆ ಖುಷಿಯಾಯಿತು, ಸುಳ್ಳು ಏಕೆ ಹೇಳಲಿ.

ಆಗ ಅಜ್ಜಿ ಟ್ರೇ ಹಿಡಿದು ಒಳಗೆ ಬಂದಳು. ಗೌನು ಹಾಕಿದ್ದಳು. ಒಣಗಿದ ಕರಿಯ ಕಾಲುಗಳು ಮೀನಖಂಡದ ತನಕ ಬೆತ್ತಲೆ, ಬೆರಳಲ್ಲಿ ಕಾಲುಂಗುರ, ಬಿಳಿಯ ಕೂದಲಿಗೆ ಮೊಮ್ಮಗಳು ಎಸೆದ ರಿಬ್ಬನ್ನು. ಹಣೆಯ ಹಚ್ಚೆ ಕಾಣದಿರಲೆಂದು ಪೌಡರು ಬಳಿದುಕೊಂಡಿದ್ದಳು. ಟ್ರೇ ಇಟ್ಟು, ಹೋಗದೆ, ಮಗನ ಕುರ್ಚಿಯ ಪಕ್ಕ ನಿಂತಳು, ಫೋಟೋಕ್ಕೆ ನಿಲ್ಲುವ ಹಾಗೆ.

ಬಿಳಿಯ ಹೆಂಗಸೇ ಮೊದಲು ನಕ್ಕಳು, ಒಳ್ಳೆಯ ನಗುವೇ. ಎಷ್ಟು ಮುದ್ದಾಗಿದ್ದಾಳೆ, ನಿಮ್ಮಲ್ಲಿ ಎಷ್ಟು ವರ್ಷದಿಂದ ಇದ್ದಾಳೆ ಎಂದು ಕೇಳಿದಳು. ದೊರೆಸಾನಿ ಬಟ್ಟಲಿಗೆ ಟೀ ಬಗ್ಗಿಸುತ್ತಾ, ನನ್ನ ಗಂಡ ಹುಟ್ಟಿದಾಗಿನಿಂದ ಎಂದಳು. ಡ್ರೈವರು ಬಟ್ಟಲಿನೊಳಗೆ ನೋಡುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಹುಡುಗಿ. ಅಜ್ಜಿಯ ಮುಖವನ್ನೇ ಪಡೆದು ಹುಟ್ಟಿದ ಆ ಹುಡುಗಿ, ಕಣ್ಣಲ್ಲಿ ನೀರು ಬರುವ ಹಾಗೆ, ನಗು ನಿಲ್ಲಿಸಿದರೆ ಏನಾಗುತ್ತದೋ ಎನ್ನುವ ಹಾಗೆ ನಕ್ಕಳು. ಅವಳ ನಗುವಿನಿಂದ ಉತ್ಸಾಹ ಬಂದು ಅಜ್ಜಿಯೂ ನಕ್ಕಳು. ತನ್ನನ್ನು ಮೆಚ್ಚಿದರು ಎಂದೇ ಅವಳು ತಿಳಿದದ್ದು.

ಅವರು ಹೋದದ್ದು ಶ್ರಾವಣದಲ್ಲಿ. ಅಜ್ಜಿ ಕೊನೆಯ ದಿನದವರೆಗೂ ಗೌನನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಮೂವರೂ ಕೋಟು ತೋಳಿನ ಮೇಲೆ ಹಾಕಿಕೊಂಡು ಜಟಕಾ ಹತ್ತಿದರು. ಡ್ರೈವರು ಬೇಲಿಯ ಹತ್ತಿರ ಬಂದು ನನಗೆ, ಅವಳಿಗೆ ಊರಿದೆ, ಒಂದು ದಿನ ಬಿಟ್ಟುಬನ್ನಿ ಎಂದ. ಮನೆಯ ಹಳೆಯ ಕುರ್ಚಿಯನ್ನು ಯಾರಿಗಾದರೂ ಕೊಡಿ ಎನ್ನುವ ದನಿ. ತಾಯಿಯ ಕಾಲು ಮುಟ್ಟಲಿಲ್ಲ, ಅದು ಅವರ ಪದ್ಧತಿ ಅಲ್ಲ. ಕೆನ್ನೆಗೆ ಮುತ್ತನ್ನೂ ಕೊಡಲಿಲ್ಲ, ಅದು ಅವರ ಪದ್ಧತಿ.

ಅವರ ಸುದ್ದಿ ಬಹಳ ದಿನದ ಮೇಲೆ, ಅಲ್ಲಿ ನಿಲ್ಲಲಾರದೆ ವಾಪಸು ಬಂದ ಒಬ್ಬ ಗಾರ್ಡಿನ ಹೆಂಡತಿಯಿಂದ ತಿಳಿಯಿತು. ಲಂಡನ್ನಿನಲ್ಲಿ ಬಾಡಿಗೆ ಕೋಣೆ ಕೇಳಲು ಹೋದರೆ ಹುಡುಗಿಯನ್ನು ನೋಡಿದೊಡನೆ ಬಾಗಿಲು ಹಾಕುತ್ತಿದ್ದರಂತೆ. ಕರಿಯರಿಗೆ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳುತ್ತಿದ್ದರಂತೆ. ಕೊನೆಗೆ ದೊರೆಸಾನಿ ಮಗಳನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಗಂಡ ಹೆಂಡಿರು ಇಬ್ಬರೇ ಎಂದು ಹೇಳಿ ಕೋಣೆ ಹಿಡಿದಳಂತೆ. ಮಗಳು ಬಂದು ಹೋದರೆ ಕೆಲಸದ ಹುಡುಗಿ ಎನ್ನುತ್ತಿದ್ದಳಂತೆ. ನಾನು ಕೂಡಲೇ ನಂಬಿದೆ. ಆ ಕೆಲಸದಲ್ಲಿ ಅವಳ ಕೈ ಪಳಗಿತ್ತು.

ಕ್ವಾರ್ಟರ್ಸಿಗೆ ಹೊಸಬರು ಬಂದರು, ಅಜ್ಜಿ ನಮ್ಮ ಜಗಲಿಗೆ ಬಂದಳು. ಅತ್ತೆ ಒಳಗೆ ಬಿಡಲಿಲ್ಲ. ಬಿಳಿಯನ ಎಂಜಲು, ಹೊಸ್ತಿಲು ದಾಟಬಾರದು ಎಂದರು. ನನ್ನ ಗಂಡ ಒಳ್ಳೆಯವರು, ಎಂದರೆ ಜಗಳದ ಹೊತ್ತಿಗೆ ಸರಿಯಾಗಿ ಹೊರಗೆ ಹೋಗುವವರು. ನಾನೊಬ್ಬಳೇ ಕೂಗಾಡಿದೆ. ಬಂದದ್ದು ಇಷ್ಟು: ಜಗಲಿಯ ಮೂಲೆಗೆ ಒಂದು ಚಾಪೆ, ಊಟಕ್ಕೆ ಬೇರೆ ತಟ್ಟೆ. ಬೆಳ್ಳನೆಯ ಸೊಸೆ ಬೇಕು ಎಂದು ಊರೂರು ಅಲೆದವರು ಬೆಳ್ಳನೆಯವನ ಜೊತೆ ಇದ್ದವಳನ್ನು ಒಳಗೆ ಬಿಡಲಾರರು. ಈ ಲೆಕ್ಕ ನನಗೆ ಇವತ್ತಿಗೂ ತಿಳಿದಿಲ್ಲ.

ಅಜ್ಜಿ ಒಂದು ದಿನ ತಾನಾಗಿಯೇ ತವರಿನ ಮಾತು ತೆಗೆದಳು. ತಮ್ಮ ಇದ್ದಾನೆ, ಇವಳು ಬಿಟ್ಟುಹೋದಾಗ ಅಂಬೆಗಾಲಿಡುತ್ತಿದ್ದ, ಬೆನ್ನ ಮೇಲೆ ಹೊತ್ತು ಬೆಳೆಸಿದ್ದಳು. ಹೋಗೋಣ ಎಂದೆ. ಯಾವ ದಿನ ಹೋಗಬೇಕೆಂದು ಯೋಚಿಸಿ ಮಹಾಲಯ ಅಮಾವಾಸ್ಯೆ ಎಂದು ಗೊತ್ತು ಮಾಡಿದವಳು ನಾನೇ. ನಮ್ಮ ಒಕ್ಕಲು ಮನೆಗಳಲ್ಲಿ ಅದು ಹಿರಿಯರ ಹಬ್ಬ. ಸತ್ತವರಿಗೆ ಅವರವರ ಇಷ್ಟದ್ದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಎಡೆ ಇಕ್ಕುತ್ತೇವೆ. ಒಂದು ಎಲೆ ಸೂರಿನ ಮೇಲೆ ಕಾಗೆಗೆ. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಎಂದು ಅರ್ಥ, ಆಮೇಲೆ ಮನೆಯವರ ಊಟ. ಆ ದಿನ ಎಲ್ಲರೂ ಮನೆಯಲ್ಲಿರುತ್ತಾರೆ, ಮನಸ್ಸು ಮೆತ್ತಗಿರುತ್ತದೆ, ಬಾಗಿಲಿಗೆ ಬಂದ ನಾಯಿಯನ್ನೂ ಅಟ್ಟುವುದಿಲ್ಲ ಎಂದು ನನ್ನ ಎಣಿಕೆ.

ಹೆಬ್ಬಾಳ ಕೆರೆ ಏರಿಯ ಹತ್ತಿರ ಬಸ್ಸು ಬದಲಿಸಿ, ಹುಣಸಮಾರನಹಳ್ಳಿಯಲ್ಲಿ ಇಳಿದು, ರಾಗಿ ಹೊಲಗಳ ನಡುವೆ ನಡೆದೆವು. ಅಜ್ಜಿ ಗೌನಿನ ಗಂಟನ್ನು ತಂದಿದ್ದಳು. ಅವ್ವನ ಸೀರೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದಳು. ಮನೆ ಅದೇ ಇತ್ತು, ಸೂರಿಗೆ ಹೊಸ ಹೆಂಚು ಬಂದಿತ್ತು. ವಡೆ ಕರಿದ ಎಣ್ಣೆಯ ವಾಸನೆ, ಮಾಂಸದ ಸಾರಿನ ವಾಸನೆ ಬೀದಿಗೆ ಬರುತ್ತಿತ್ತು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ.

ಬಾಗಿಲಲ್ಲಿ ನಿಂತು ಅವಳು ತಮ್ಮಯ್ಯ ಎಂದು ಕೂಗಿದಳು. ಹಲ್ಲು ಬಿದ್ದ ಮುದುಕನೊಬ್ಬ ಬಂದ. ಅದೇ ಮೂಗು, ಅದೇ ಹಣೆ. ಅಂಬೆಗಾಲಿಡುವಾಗ ಕಂಡವಳ ಗುರುತು ಅವನಿಗೆ ಎಲ್ಲಿಂದ ಬರಬೇಕು. ಆದರೂ ಯಾರೆಂದು ಕೇಳಲಿಲ್ಲ, ಅವ್ವನ ಮುಖ ಕಂಡಿರಬೇಕು. ಹೊಸ್ತಿಲು ದಾಟದೆ ಹೆಂಡತಿಯನ್ನು ಕರೆದ. ಆ ಹೆಂಗಸು ಒದ್ದೆ ಕೂದಲು ಕಟ್ಟಿಕೊಂಡು ಬಂದು, ನಾನು ಹೇಳಿದ್ದನ್ನೆಲ್ಲ ಕೇಳಿ, ಕೋಪವಿಲ್ಲದ ದನಿಯಲ್ಲಿ ಮಾತಾಡಿದಳು. ಕೋಪ ಮಾಡಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

"ಒಳ್ಗೆ ಎಡೆ ಇಕ್ಕಿದೀವಿ" ಎಂದಳು. "ನಿಂಗೇ ಇಕ್ಕಿದೀವಿ. ಸತ್ತೋಳ್ಗೆ ಎಡೆ ಇಕ್ಕಿದ್ ಮನೆಗೆ ನೀನೆಂಗ್ ಬತ್ತೀಯ?"

ಆಮೇಲೆ ತಿಳಿಯಿತು. ತಿಥಿಯಾದ ವರ್ಷದಿಂದಲೇ ಅಜ್ಜಿಯ ಅವ್ವ ಹಟ ಹಿಡಿದಿದ್ದಳಂತೆ. ನನ್ನ ಮಗಳು ಸತ್ತಳು ಎಂದು ನೀವೇ ಹೇಳಿದಿರಿ, ಸತ್ತವಳಾದರೆ ಅವಳಿಗೆ ಎಡೆ ಇಕ್ಕಬೇಕು ಎಂದು. ಬದುಕಿರುವ ಮಗಳಿಗೆ ಒಂದು ತುತ್ತು ಕಳಿಸಲು ಆ ತಾಯಿಗೆ ಉಳಿದಿದ್ದ ದಾರಿ ಅದೊಂದೇ. ಸಾಯುವಾಗ ಸೊಸೆಯಿಂದ ಭಾಷೆ ತೆಗೆದುಕೊಂಡಿದ್ದಳು. ಸೊಸೆ ಒಂದು ವರ್ಷವೂ ತಪ್ಪಿಸಿರಲಿಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಬಾಗಿಲಿನಿಂದ ನನಗೆ ಒಳಗಿನ ಕಳಶ, ದೀಪ, ಎಲೆ ಕಾಣುತ್ತಿತ್ತು. ಎಲೆಯ ಪಕ್ಕ ಮಡಿಕೆ ಬಿಚ್ಚದ ಹೊಸ ಸೀರೆ, ಕೆಂಪು ಅಂಚು. ಅಜ್ಜಿಯೂ ನೋಡಿದಳು. ಕಂಕುಳ ಗಂಟನ್ನು ಸೆರಗಿನೊಳಗೆ ಎಳೆದುಕೊಂಡಳು.

ಎಲೆಗೆ ಏನೇನು ಬಡಿಸಿದ್ದೀರಿ ಎಂದು ಕೇಳಿದಳು. ಮುದ್ದೆ, ಸಾರು, ವಡೆ, ಕಜ್ಜಾಯ ಎಂದು ತಮ್ಮನ ಹೆಂಡತಿ ಹೇಳಿದಳು.

"ಕಜ್ಜಾಯ ಅವ್ವಂಗೆ ಗ್ಯಾಪ್ಕ ಇತ್ತಾ" ಎಂದು ಅಜ್ಜಿ ಕೇಳಿದಳು. ಅಲ್ಲಿಯವರೆಗೆ ಅಳದವಳು ಆಗ ಅತ್ತಳು.

ತಮ್ಮನ ಮಗ ಏಣಿ ಹಾಕಿ ಸೂರಿನ ಮೇಲೆ ಕಾಗೆಯ ಎಲೆ ಇಟ್ಟು ಕೂಗಿದ. ಅಕ್ಕಪಕ್ಕದ ಸೂರುಗಳ ಮೇಲೆ ಕಾಗೆಗಳು ಆಗಲೇ ಉಂಡಿದ್ದವು. ಇವರ ಮನೆಯದಕ್ಕೆ ಒಂದೂ ಬರಲಿಲ್ಲ, ಹುಣಸೆಮರದಲ್ಲಿ ಕೂತು ನೋಡುತ್ತಿದ್ದವು. ಹೊಟ್ಟೆ ತುಂಬಿತ್ತೋ ಏನೋ. ಹೊತ್ತು ಏರಿತು. ಒಳಗೆ ಮಕ್ಕಳು ಹಸಿವಿಗೆ ರಾಗ ತೆಗೆದವು. ಎದುರು ಮನೆಯ ಮುದುಕಿಯೊಬ್ಬಳು, "ಉಣ್ಣೋಳು ಬಾಗ್ಲಾಗೆ ನಿಂತವ್ಳೆ, ಕಾಗೆ ಯಾಕ್ ಬತ್ತದೆ" ಎಂದಳು.

ತಮ್ಮನ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿದಳು. ಮಗನಿಗೆ ಹೇಳಿ ಎಲೆ ಇಳಿಸಿದಳು. ಅದನ್ನು ಅಂಗಳದಾಚೆಯ ಒರಳುಕಲ್ಲಿನ ಮೇಲೆ ಇಟ್ಟು, ನೀರು ಸುತ್ತುಹಾಕಿ, ಕೈ ಮುಗಿದು, ಎಲ್ಲರನ್ನೂ ಒಳಗೆ ಕರೆದುಕೊಂಡು ಬಾಗಿಲು ಮುಂದಕ್ಕೆ ಎಳೆದಳು. ಕಾಗೆಗೆ ಇಟ್ಟಾಗ ಎದುರು ನಿಲ್ಲಬಾರದು, ದೂರ ಹೋಗಬೇಕು. ಬಾಗಿಲ ಸಂದಿನಲ್ಲಿ ಕಣ್ಣುಗಳು ಕಾಣುತ್ತಿದ್ದವು.

ನನಗೆ ಎಂಥ ಸಿಟ್ಟು ಬಂತೆಂದರೆ ಆ ಒರಳನ್ನೇ ಎತ್ತಿ ಬಾಗಿಲಿಗೆ ಎಸೆಯಬೇಕು ಎನ್ನಿಸಿತು. ಅಜ್ಜಿಯ ಕೈ ಹಿಡಿದೆಳೆದು, ಬಾ, ನಮ್ಮ ಮನೆಯಲ್ಲಿ ಊಟ ಇದೆ ಎಂದೆ.

"ಸುಮ್ಕಿರು" ಎಂದಳು. "ಅವ್ವ ಇಕ್ಸಿರಾದು."

ಒರಳುಕಲ್ಲಿನ ಮುಂದೆ ಕೂತು ಉಂಡಳು. ಮೊದಲ ತುತ್ತು ಬಾಯಿಗೆ ಹೋದಾಗ ಒಳಗೆ ಯಾರೋ, ಮುಟ್ಟಿದಳು ಎಂದು ಉಸಿರು ಬಿಟ್ಟರು. ಎಲೆ ಹಾಸುವ ಸದ್ದು, ಮಕ್ಕಳು ಜಾಗಕ್ಕೆ ಕಿತ್ತಾಡುವ ಸದ್ದು ಕೇಳಿತು. ಅಜ್ಜಿ ಅವಸರ ಮಾಡಲಿಲ್ಲ. ಕಜ್ಜಾಯವನ್ನು ಕೊನೆಗೆ ಉಳಿಸಿಕೊಂಡು ಚೂರು ಚೂರಾಗಿ ಮುರಿದು ತಿಂದಳು. ನನಗೂ ಒಂದು ಚೂರು ನೀಡಿದಳು, ನಾನು ತೆಗೆದುಕೊಳ್ಳಲಿಲ್ಲ. ಎಲೆ ಬರಿದಾದ ಮೇಲೆ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಮುಚ್ಚಿದ ಬಾಗಿಲ ಹತ್ತಿರ ಹೋದಳು.

"ಬರೋ ವರ್ಸಾನೂ ನಾನೇ ಬರ್ಬೇಕಾ" ಎಂದು ಕೇಳಿದಳು, "ಇಲ್ಲಾ ಕಾಗೆ ಕಳ್ಸ್ಲಾ?"

ಒಳಗೆ ಊಟದ ಸದ್ದು ನಿಂತಿತು. ತಮ್ಮ ಏನಾದರೂ ಹೇಳುತ್ತಾನೆ ಎಂದು ನಾನು ಕಾದೆ. ಹೇಳಿದ್ದು ಅವನ ಹೆಂಡತಿ.

"ಕಾಗೇನೇ ಕಳ್ಸು."

ಅಜ್ಜಿ ಹಾಗೆಯೇ ಮಾಡಿದಳು. ಆ ಮಾಘದಲ್ಲಿ, ಯಶವಂತಪುರದ ನಮ್ಮ ಜಗಲಿಯ ಮೇಲೆ, ಸೀರೆಯ ಮೇಲೆ ಆ ಗೌನನ್ನೂ ಹಾಕಿಕೊಂಡು ಮುದುಡಿ ಮಲಗಿದವಳು ಬೆಳಗ್ಗೆ ಏಳಲಿಲ್ಲ. ಚಳಿ ತಡೆಯಲಿಲ್ಲ.